ಮೈಲುತುತ್ತ ಬಿಳಿಚಿದೆ, ಬಕೆಟ್ ತೂತಾಗಿದೆ: ಏನಾಯಿತು, ಈಗ ಏನು ಮಾಡಬೇಕು?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಎರಡು ಸಲ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣ, ಹೊಡೆಸುತ್ತೇವೆ. ಎಕರೆಗೆ ಪ್ರತಿ ಸಲ 200 ಲೀಟರಿನ ಎರಡು ಡ್ರಮ್ ಬೇಕಾಗುತ್ತದೆ. ಹೋದ ವರ್ಷ ಉಳಿದ ಮೈಲುತುತ್ತವನ್ನು ತಗಡಿನ ಮಾಡಿನ ಕೆಳಗೆ ಅಟ್ಟದಲ್ಲಿ ಇಟ್ಟಿದ್ದೆವು. ಈಗ ನೋಡಿದರೆ ಹರಳಿನ ಮೇಲೆಲ್ಲ ಬಿಳಿ ಪುಡಿ. ಹಾಳಾಯಿತಾ? ಇನ್ನೊಂದು, ಕೆಲಸದ ಹುಡುಗರು ಹಳೇ ತಗಡಿನ ಬಕೆಟ್‌ನಲ್ಲಿ ಅದನ್ನು ಕರಗಿಸಿ ರಾತ್ರಿ ಹಾಗೇ ಬಿಟ್ಟಿದ್ದರು. ಬೆಳಿಗ್ಗೆ ಒಳಗೆಲ್ಲ ಕೆಂಪು ಕೆಸರು, ತಳ ತೂತು. ಮನೆಯಲ್ಲಿ ಮೂರು ವರ್ಷದ ಮಗು ಇದೆ. ಬಾವಿ ತೋಟದ ಅಂಚಲ್ಲೇ ಇದೆ. ಇದು ಎಷ್ಟು ವಿಷ? ಸಾವಯವದವರೂ ಬಳಸುತ್ತಾರೆ, ಏನೂ ಆಗಲ್ಲ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಹೌದಾ?

ಉತ್ತರ: ಬಿಳಿ ಪುಡಿಯಿಂದಲೇ ಶುರು ಮಾಡುತ್ತೇನೆ, ಅದು ಸುಲಭ. ನಿಮ್ಮ ಮೈಲುತುತ್ತ ಹಾಳಾಗಿಲ್ಲ. ನೀರು ಕಳೆದುಕೊಂಡಿದೆ, ಅಷ್ಟೇ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನೊಳಗೆ ಪ್ರತಿ ತಾಮ್ರದ ಸಲ್ಫೇಟ್ ಕಣದ ಜೊತೆ ಐದು ನೀರಿನ ಕಣಗಳು ಸೇರಿಕೊಂಡಿರುತ್ತವೆ. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ತೂಕದ ಲೆಕ್ಕದಲ್ಲಿ ನೂರಕ್ಕೆ 36 ಪಾಲು ನೀರೇ. ಒಂದು ಕೆಜಿ ಹರಳಿನಲ್ಲಿ 360 ಗ್ರಾಂ ನೀರು, ಸುಮಾರು 255 ಗ್ರಾಂ ತಾಮ್ರ, ಉಳಿದದ್ದು ಸಲ್ಫೇಟ್. ಆ ನೀಲಿ ಬಣ್ಣ ಬರುವುದೂ ತಾಮ್ರದ ಸುತ್ತ ನೀರು ಕೂತಿರುವುದರಿಂದಲೇ. ಬೇಸಿಗೆಯ ಒಣ ಗಾಳಿ, ಕಾದ ತಗಡಿನ ಶಾಖ ಎರಡೂ ಸೇರಿದಾಗ ಹರಳಿನ ಮೈಯಿಂದ ನೀರು ಹೊರಟು ಹೋಗುತ್ತದೆ, ಮೇಲೆ ಬಿಳಿಚು ಪುಡಿ ನಿಲ್ಲುತ್ತದೆ. ಸುಮಾರು 200 ಡಿಗ್ರಿವರೆಗೆ ಕಾಯಿಸಿದರೆ ಐದೂ ನೀರು ಹೋಗಿ ಪೂರ್ತಿ ಬಿಳಿಯಾಗುತ್ತದೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಇದನ್ನು ನೀವೂ ನೋಡಿರಬಹುದು.

ಪರೀಕ್ಷೆ ಸುಲಭ. ಬಿಳಿ ಪುಡಿ ಒಂದು ಚಿಟಿಕೆಯಷ್ಟನ್ನು ಪ್ಲಾಸ್ಟಿಕ್ ಮುಚ್ಚಳದಲ್ಲಿ ಹಾಕಿ ಎರಡು ಹನಿ ನೀರು ಬಿಡಿ. ಕಣ್ಣೆದುರೇ ನೀಲಿಯಾಗಬೇಕು. ಹಾಗೆ ನೀಲಿಯಾದರೆ ಅದು ಮೈಲುತುತ್ತವೇ, ಧೈರ್ಯವಾಗಿ ಬಳಸಿ. ನೀರು ಹಾಕಿದ ಮೇಲೂ ಬಿಳಿಯಾಗೇ ಉಳಿದರೆ ಅದು ಸುಣ್ಣವೋ ಗೊಬ್ಬರವೋ ಬೇರೆ ಏನೋ ಸೇರಿದೆ ಅಂತ. ಒಂದು ಮಾತು ನೆನಪಿರಲಿ: ನೀರು ಕಳೆದುಕೊಂಡ ಪುಡಿಯಲ್ಲಿ ತೂಕಕ್ಕೆ ತಾಮ್ರ ಜಾಸ್ತಿ. ಪೂರ್ತಿ ಬಿಳಿಯಾದದ್ದರಲ್ಲಿ ಕೆಜಿಗೆ ಸುಮಾರು 400 ಗ್ರಾಂ. ನಿಮ್ಮದು ಬರೀ ಮೇಲ್ಮೈ ಬಿಳಿಚಿದ್ದರೆ ಲೆಕ್ಕ ಬದಲಾಯಿಸಬೇಕಾಗಿಲ್ಲ. ಚೀಲ ಪೂರ್ತಿ ಪುಡಿಯಾಗಿದ್ದರೆ ತೂಕ ಸ್ವಲ್ಪ ಕಡಿಮೆ ಹಾಕಿ.

ನಿಜವಾಗಿ ಅನುಮಾನ ಪಡಬೇಕಾದ್ದು ಹಸಿರು ಬಣ್ಣ ಕಂಡಾಗ. ಶುದ್ಧ ಹರಳು ಗಾಢ ನೀಲಿ. ಹಸಿರು ಅಥವಾ ಹಳದಿ ಮಿಶ್ರಿತ ಹಸಿರು ಕಂಡರೆ ಹೆಚ್ಚಾಗಿ ಅನ್ನಭೇದಿ ಬೆರೆತಿದೆ. ಅದು ಕಬ್ಬಿಣದ ಸಲ್ಫೇಟ್, ಅಗ್ಗ, ಕೊಳೆರೋಗಕ್ಕೆ ಉಪಯೋಗ ಇಲ್ಲ. ಹರಳನ್ನು ನೀರಲ್ಲಿ ಕರಗಿಸಿ ಅಮೋನಿಯಾ ದ್ರಾವಣವನ್ನು ಸ್ವಲ್ಪ ಜಾಸ್ತಿಯೇ ಹಾಕಿದರೆ ತಾಮ್ರ ಕಡು ನೀಲಿ ತಿಳಿ ದ್ರಾವಣವಾಗಿ ನಿಲ್ಲುತ್ತದೆ, ಕಬ್ಬಿಣ ಇದ್ದರೆ ಹಸಿರುಗಂದು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಊರಿನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಐದು ನಿಮಿಷದ ಕೆಲಸ.

ಇನ್ನು ಬಕೆಟ್. ನಿಮ್ಮ ಹುಡುಗರು ಬಕೆಟ್ ಮಾತ್ರ ಹಾಳು ಮಾಡಲಿಲ್ಲ, ದುಡ್ಡು ಕೊಟ್ಟು ತಂದ ತಾಮ್ರವನ್ನೂ ಹಾಳು ಮಾಡಿದರು. ಕಬ್ಬಿಣ ತಾಮ್ರಕ್ಕಿಂತ ಚುರುಕಾದ ಲೋಹ. ತಾಮ್ರದ ಸಲ್ಫೇಟ್ ನೀರಿಗೆ ಕಬ್ಬಿಣ ಸಿಕ್ಕಿದರೆ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಲ್ಲಿದ್ದ ತಾಮ್ರ ಲೋಹವಾಗಿ ಹೊರಗೆ ಬೀಳುತ್ತದೆ. ನೀವು ನೋಡಿದ ಕೆಂಪು ಕೆಸರು ತುಕ್ಕಲ್ಲ, ಅಸಲಿ ತಾಮ್ರ. ಒಂದು ಕೆಜಿ ಮೈಲುತುತ್ತ ಸುಮಾರು 220 ಗ್ರಾಂ ಕಬ್ಬಿಣವನ್ನು ತಿಂದು ಹಾಕಬಲ್ಲದು. ತೆಳು ತಗಡಿನ ಬಕೆಟ್ ಒಂದು ರಾತ್ರಿಗೆ ತೂತಾದದ್ದರಲ್ಲಿ ಆಶ್ಚರ್ಯ ಇಲ್ಲ. ಸತುವಿನ ಲೇಪ ಇದ್ದರೆ ಅದು ಇನ್ನೂ ಬೇಗ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಪ್ಲಾಸ್ಟಿಕ್ ಡ್ರಮ್, ಮಣ್ಣಿನ ಮಡಕೆ, ಮರದ ಪೀಪಾಯಿ, ತಾಮ್ರದ ಹಂಡೆ ಇವಷ್ಟೇ. ಹಂಡೆ ಬಳಸಿದರೆ ಮತ್ತೆ ಅದನ್ನು ಸ್ನಾನದ ಮನೆಗೆ ಒಯ್ಯಬೇಡಿ. ಕದಡಲು ಕಬ್ಬಿಣದ ಸರಳು ಬೇಡ, ಬಿದಿರಿನ ಕೋಲು ಸಾಕು.

ಆ ಬಕೆಟ್‌ನಲ್ಲಿ ಉಳಿದಿದ್ದ ನೀರನ್ನು ಡ್ರಮ್ಮಿಗೆ ಸುರಿದು ಬೋರ್ಡೋ ಮಾಡಿಬಿಟ್ಟಿದ್ದರೆ ಆ ಸಲದ ಔಷಧಿ ಸಪ್ಪೆ ಆಗಿರುತ್ತದೆ. ತೋಟದ ಒಂದು ಮೂಲೆಯಲ್ಲಿ ಮಾತ್ರ ಕೊಳೆ ಜಾಸ್ತಿ ಕಂಡಿದ್ದರೆ ಅದನ್ನು ನೆನಪಿಟ್ಟು ನೋಡಿ.

ಈಗ ವಿಷದ ಪ್ರಶ್ನೆಗೆ ಬರುತ್ತೇನೆ. ಪಕ್ಕದ ತೋಟದವರು ಹೇಳಿದ್ದು ಅರ್ಧ ಸರಿ. ಆ ಅರ್ಧ ಸರಿಯೇ ತೊಂದರೆ. ಮೈಲುತುತ್ತದ ಅಪಾಯ ಎರಡು ಕಡೆ ಇದೆ. ಒಂದು ಕೊಟ್ಟಿಗೆಯಲ್ಲಿ, ಹರಳು ಮತ್ತು ಅದರ ಗಟ್ಟಿ ದ್ರಾವಣ ಕೈಯಲ್ಲಿರುವಾಗ. ಇದು ನಿಮಿಷಗಳ ಲೆಕ್ಕ. ಇನ್ನೊಂದು ತೋಟದ ಮಣ್ಣಿನಲ್ಲಿ, ವರ್ಷ ವರ್ಷವೂ ಬಿದ್ದ ತಾಮ್ರ ಅಲ್ಲೇ ಉಳಿಯುವುದರಿಂದ. ಇದು ದಶಕಗಳ ಲೆಕ್ಕ. ಇವೆರಡರ ಮಧ್ಯೆ ಇರುವ, ಅಡಿಕೆ ಕೊನೆಯ (ಗೊಂಚಲಿನ) ಮೇಲೆ ಕಾಣುವ ತಿಳಿ ನೀಲಿ ಲೇಪಕ್ಕೆ ಜನ ಜಾಸ್ತಿ ಹೆದರುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಅದೇ. ಸಿಪ್ಪೆ ಸುಲಿದಾಗ ಅದು ಸಿಪ್ಪೆಯ ಜೊತೆಗೇ ಹೋಗುತ್ತದೆ.

ಹಾಗೆ ಯಾಕೆ ಅಂದರೆ ಸುಣ್ಣ. ಬರೀ ಮೈಲುತುತ್ತದ ನೀರು ಹುಳಿ ಗುಣದ್ದು, ಪಿಎಚ್ ಸುಮಾರು 4. ಅದರಲ್ಲಿ ತಾಮ್ರ ಪೂರ್ತಿ ಕರಗಿರುತ್ತದೆ. ಕರಗಿದ ತಾಮ್ರವೇ ಕಣ್ಣು, ಹೊಟ್ಟೆ, ಎಲೆ, ಮೀನು ಎಲ್ಲವನ್ನೂ ಸುಡುವುದು. ಸುಣ್ಣ ಸೇರಿದಾಗ ಅದು ಕರಗದ ತಿಳಿ ನೀಲಿ ಲೋಳೆಯಾಗುತ್ತದೆ, ಜೊತೆಗೆ ಜಿಪ್ಸಮ್ ಹುಟ್ಟುತ್ತದೆ. ಈ ಲೋಳೆ ಕಾಯಿಗೆ ಅಂಟಿಕೊಂಡು ಒಣಗುತ್ತದೆ. ಮಳೆ ನೀರು ತಾಗಿದಾಗಲೆಲ್ಲ ಒಂದಿಷ್ಟೇ ಇಷ್ಟು ತಾಮ್ರ ಬಿಡುತ್ತದೆ. ಕೊಳೆರೋಗ ತರುವ ಫೈಟಾಪ್ತೊರ ಎಂಬ ಶಿಲೀಂಧ್ರದಂಥ ರೋಗಾಣುವಿನ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಾಡುತ್ತವೆ. ಆ ಸಣ್ಣ ಪ್ರಮಾಣದ ತಾಮ್ರವೇ ಅವಕ್ಕೆ ಸಾಕು. ಆದರೆ ಒಳಗೆ ಹೊಕ್ಕ ರೋಗಕ್ಕೆ ಇದು ಔಷಧಿಯಲ್ಲ. ಬರದ ಹಾಗೆ ತಡೆಯುತ್ತದೆ, ಅಷ್ಟೇ. ಅದಕ್ಕೇ ಮಳೆ ಹಿಡಿಯುವ ಮುಂಚೆ ಒಂದು, ಆಮೇಲೆ 40–45 ದಿನಕ್ಕೆ ಇನ್ನೊಂದು ಹೊಡೆಯಿರಿ ಅಂತ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವುದು.

ಈ ಉಪಾಯ ಹುಟ್ಟಿದ್ದು ಕಳ್ಳರಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನಬಾರದೆಂದು ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ನೋಡಿದರೆ ವಿಷದ ಹಾಗೆ ಕಾಣುತ್ತಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಾರದ್ದನ್ನು ಗಮನಿಸಿದರು, 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆಗೆ ಅದು ಬಂದದ್ದು ಲೆಸ್ಲಿ ಕೋಲ್ಮನ್ ಅವರಿಂದ. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮಲೆನಾಡಿನ ಕೊಳೆರೋಗವನ್ನೇ ಹಿಡಿದು ಕೂತು 1910ರಲ್ಲಿ ಅದರ ಬಗ್ಗೆ ದೊಡ್ಡ ವರದಿ ಬರೆದರು. ಅಲ್ಲಿವರೆಗೆ ನಮ್ಮವರಿಗೆ ಗೊತ್ತಿದ್ದ ದಾರಿ ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟುವುದು.

ಸುಣ್ಣದ ಲೆಕ್ಕಕ್ಕೆ ಹಿಂದಿರುಗುತ್ತೇನೆ, ಯಾಕೆಂದರೆ ಸುರಕ್ಷತೆ ಇರುವುದು ಅಲ್ಲೇ. ಕೆಮಿಸ್ಟ್ರಿ ಪುಸ್ತಕದ ಪ್ರಕಾರ ಒಂದು ಕೆಜಿ ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಶುದ್ಧ ಅರಳಿದ ಸುಣ್ಣ ಸಾಕು. ನಾವು ಹಾಕುವುದು ಒಂದಕ್ಕೆ ಒಂದು, 100 ಲೀಟರಿಗೆ ತಲಾ ಒಂದೊಂದು ಕೆಜಿ. ಪೇಟೆಯ ಸುಣ್ಣದಲ್ಲಿ ಕಲ್ಲು, ಮಣ್ಣು, ಗಾಳಿಗೆ ಸತ್ತುಹೋದ ಸುಣ್ಣ ಎಲ್ಲ ಇರುವುದರಿಂದ ಈ ಹೆಚ್ಚುವರಿ ಬೇಕೇ ಬೇಕು. ಮೂರು ತಿಂಗಳ ಹಿಂದೆ ತಂದು ಚೀಲ ಬಿಚ್ಚಿಟ್ಟ ಸುಣ್ಣ ಆದರೆ ಒಂದು ಕೆಜಿಯೂ ಸಾಲದೆ ಹೋಗಬಹುದು. ಹಾಗಾಗಿ ತಕ್ಕಡಿ ನಂಬಬೇಡಿ, ಪರೀಕ್ಷೆ ನಂಬಿ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕು ಅಥವಾ ಕತ್ತಿಯ ಮೊನೆಯನ್ನು ತಯಾರಾದ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಛಾಯೆ ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣದ ಹಾಲು ಇನ್ನಷ್ಟು ಸೇರಿಸಿ. ಚಾಕು ಹಾಗೇ ಹೊಳೆಯುತ್ತಿದ್ದರೆ ಸರಿ. ಗಮನಿಸಿದಿರಾ, ನಿಮ್ಮ ಬಕೆಟ್ ತೂತು ಮಾಡಿದ್ದೂ ಇದೇ ಕ್ರಿಯೆ.

ಕರಗಿಸುವಾಗ ಹರಳನ್ನು ಕುಟ್ಟಬೇಡಿ. ಕುಟ್ಟಿದರೆ ಧೂಳು ಏಳುತ್ತದೆ, ಆ ಧೂಳು ಮೂಗಿಗೂ ಕಣ್ಣಿಗೂ ಹೋಗುತ್ತದೆ. ಹಿಂದಿನ ದಿನ ಸಂಜೆ ಹರಳನ್ನು ಗೋಣಿ ತುಂಡಿನಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ನೀರಿನ ಮೇಲ್ಭಾಗದಲ್ಲಿ ಅರ್ಧ ಮುಳುಗುವಂತೆ ಕೋಲಿಗೆ ತೂಗುಬಿಡಿ. ಕರಗಿದ ನೀಲಿ ನೀರು ಭಾರ, ದಾರದ ಹಾಗೆ ಎಳೆ ಎಳೆಯಾಗಿ ತಳಕ್ಕೆ ಇಳಿಯುವುದು ಕಾಣುತ್ತದೆ. ಅದು ಇಳಿದ ಹಾಗೆ ಹೊಸ ನೀರು ಗಂಟಿಗೆ ಬರುತ್ತದೆ. ಕದಡುವ ಕೆಲಸವೇ ಇಲ್ಲ. ಹರಳನ್ನು ಸುಮ್ನೆ ತಳಕ್ಕೆ ಸುರಿದರೆ ಅದರ ಸುತ್ತ ಗಟ್ಟಿ ದ್ರಾವಣ ಕೂತು ಬೆಳಗಿನವರೆಗೂ ಅರ್ಧಂಬರ್ಧ ಉಳಿಯುತ್ತದೆ. ಡ್ರಮ್ಮಿಗೆ ಮುಚ್ಚಳ ಹಾಕಿ, ಮೇಲೆ ಕಲ್ಲು ಇಡಿ. ಮನೆಯಲ್ಲಿ ಮಗು ಇದೆ, ಕೊಟ್ಟಿಗೆಯಲ್ಲಿ ದನ ಇದೆ.

ಬೆರೆಸುವಾಗ ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ನಿಧಾನ ಸುರಿಯುತ್ತಾ ಕದಡಬೇಕು, ಅಥವಾ ಎರಡನ್ನೂ ಒಟ್ಟಿಗೇ ಮೂರನೇ ಡ್ರಮ್ಮಿಗೆ ಬಿಡಬೇಕು. ಮೈಲುತುತ್ತಕ್ಕೆ ಸುಣ್ಣ ಸುರಿಯುವುದು ಮಾತ್ರ ಬೇಡ. ಹಾಗೆ ಮಾಡಿದರೆ ಲೋಳೆ ನವಿರಾಗಿ ಬರುವುದಿಲ್ಲ, ದಪ್ಪ ಕಣಗಳಾಗಿ ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ. ಎರಡೂ ತಣ್ಣಗಿರಬೇಕು. ಆಗಷ್ಟೇ ಅರಳಿಸಿದ ಬಿಸಿ ಸುಣ್ಣಕ್ಕೆ ಬೆರೆಸಬೇಡಿ. ಮಾಡಿದ್ದನ್ನು ಅವತ್ತೇ ಮುಗಿಸಿ.

ಸುಣ್ಣದ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಎಲ್ಲರೂ ನೀಲಿ ನೀರಿಗೆ ಹೆದರುತ್ತಾರೆ, ಬಿಳಿ ನೀರಿಗೆ ಹೆದರುವುದಿಲ್ಲ. ಕಣ್ಣಿನ ಮಟ್ಟಿಗೆ ಸುಣ್ಣವೇ ಹೆಚ್ಚು ಕೆಟ್ಟದ್ದು. ಕ್ಷಾರ ಕಣ್ಣಿನ ಪದರವನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ. ಸುಣ್ಣದ ಹರಳು ರೆಪ್ಪೆಯೊಳಗೆ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ. ಮೈಲುತುತ್ತವೂ ಕಡಿಮೆಯೇನಲ್ಲ, ಕಣ್ಣಿಗೆ ಬಿದ್ದರೆ ಹುಣ್ಣು ಮಾಡಿ ದೃಷ್ಟಿಗೆ ಕಲೆ ಉಳಿಸಬಹುದು. ಎರಡಕ್ಕೂ ಚಿಕಿತ್ಸೆ ಒಂದೇ. ತಕ್ಷಣ ಶುದ್ಧ ನೀರು, ಕನಿಷ್ಠ 15 ನಿಮಿಷ, ರೆಪ್ಪೆ ಎತ್ತಿ ಒಳಗೆಲ್ಲ ತೊಳೆಯುವುದು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ. ಮೊದಲು ಡಾಕ್ಟರ ಹತ್ತಿರ ಓಡಿ ಆಮೇಲೆ ತೊಳೆಯುವುದಲ್ಲ. ಔಷಧಿ ಬೆರೆಸುವ ಜಾಗದಲ್ಲಿ ಒಂದು ಕೊಡ ಒಳ್ಳೇ ನೀರು, ಒಂದು ಚೊಂಬು ಇದ್ದೇ ಇರಲಿ.

ಕನ್ನಡಕ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮರದ ತುದಿಯಲ್ಲಿ ಕೂತ ಕೊನೆಗಾರನಿಗೆ ಜಡಿಮಳೆಯ ಮಧ್ಯೆ ಕನ್ನಡಕ ಮಸುಕಾಗಿ ಕಾಲಿಡುವ ಜಾಗವೇ ಕಾಣುವುದಿಲ್ಲ ಅಂತ ಆದರೆ, ಬಿದ್ದು ಸಾಯುವುದಕ್ಕಿಂತ ಕನ್ನಡಕ ತೆಗೆಯುವುದೇ ಮೇಲು. ಆಗ ಅಂಚು ದೊಡ್ಡದಿರುವ ಟೋಪಿ, ಗಾಳಿಗೆ ಬೆನ್ನು ಮಾಡಿ ಹೊಡೆಯುವುದು ಇವು ಸ್ವಲ್ಪ ಕಾಯುತ್ತವೆ. ಕೆಳಗೆ ನಿಂತು ದೋಟಿಯಿಂದ ಹೊಡೆಯುವವರಿಗೆ ಮಾತ್ರ ನೆಪ ಇಲ್ಲ. ಅವರು ಮೇಲಕ್ಕೆ ಮುಖ ಮಾಡಿಯೇ ಕೆಲಸ ಮಾಡಬೇಕು, ಹನಿ ನೇರ ಕಣ್ಣಿಗೇ ಬೀಳುತ್ತದೆ. ಬೆರೆಸುವವರಿಗೂ ನೆಪ ಇಲ್ಲ. ಕನ್ನಡಕ, ರಬ್ಬರ್ ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ. ಮೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ಪದ್ಧತಿ ಇದೆಯಲ್ಲ, ಅದು ಸುಣ್ಣದ ಉರಿಗೆ ಒಂದಿಷ್ಟು ತಡೆ. ಗಾಯ ಇದ್ದ ಕಡೆ ಎಣ್ಣೆ ಸಾಲದು, ಕಟ್ಟಿಕೊಂಡೇ ಹೋಗಬೇಕು.

ಮೂಗಿಗೆ ಬಟ್ಟೆ ಅಂದದ್ದಕ್ಕೆ ಕಾರಣ ಇದೆ. ಪೋರ್ಚುಗಲ್‌ನಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟು ಕಟ್ಟಿದ್ದನ್ನು 1969ರಲ್ಲಿ ಅಲ್ಲಿನ ವೈದ್ಯರು ವರದಿ ಮಾಡಿದರು. ಕ್ಷಯ ಅಂತ ತಪ್ಪು ತಿಳಿಯುವಷ್ಟು ಅದರ ಲಕ್ಷಣಗಳು ಹೋಲುತ್ತವೆ. ನೀವು ವರ್ಷಕ್ಕೆ ಎರಡು ಸಲ ನಿಮ್ಮ ತೋಟಕ್ಕಷ್ಟೇ ಹೊಡೆಸುವವರು, ನಿಮಗೆ ಆ ಭಯ ಕಡಿಮೆ. ಸೀಸನ್ನಿನಲ್ಲಿ ದಿನಾ ಒಂದೊಂದು ತೋಟಕ್ಕೆ ಹೋಗುವ ಕೊನೆಗಾರನ ವಿಷಯ ಬೇರೆ. ಅವನ ಉಸಿರಿಗೆ ಹೋಗುವ ಔಷಧಿಯ ಮಂಜು ನಿಮ್ಮದರ ಹತ್ತಾರು ಪಟ್ಟು. ಒಳ್ಳೇ ಮಾಸ್ಕ್ ಕೊಡಿಸುವುದು ತೋಟದ ಯಜಮಾನನ ಕೆಲಸ, ಸುಮ್ನೆ ಅವನ ತಲೆಗೆ ಕಟ್ಟುವುದಲ್ಲ.

ಈಗ ಮಗುವಿನ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ತಾಮ್ರ ಮೈಗೆ ಬೇಕಾದ ಧಾತು, ನಿಜ. ದೊಡ್ಡವರಿಗೆ ದಿನಕ್ಕೆ ಸುಮಾರು 0.9 ಮಿಲಿಗ್ರಾಂ ಸಾಕು. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಮೈಲುತುತ್ತದಲ್ಲಿ 1,270 ಮಿಲಿಗ್ರಾಂ ತಾಮ್ರ ಇದೆ. ಸಾವಿರ ದಿನಕ್ಕೂ ಹೆಚ್ಚಿನ ಪಾಲು ಒಂದೇ ಚಮಚದಲ್ಲಿ. ದೊಡ್ಡವರಿಗೆ 10ರಿಂದ 20 ಗ್ರಾಂ ಪ್ರಾಣಕ್ಕೇ ಕುತ್ತು. ಹನ್ನೆರಡು ಹದಿಮೂರು ಕೆಜಿ ತೂಗುವ ಮಗುವಿಗೆ ಒಂದು ಹರಳು ಬಾಯಿಗೆ ಹೋದರೂ ಆಸ್ಪತ್ರೆಯ ವಿಷಯವೇ. ಆ ಹರಳೋ, ನೋಡಲು ಕಲ್ಲುಸಕ್ಕರೆಯ ಹಾಗೆ, ಮೇಲೆ ನೀಲಿ ಬಣ್ಣ. ಮಕ್ಕಳನ್ನು ಕರೆಯಲು ಬೇರೇನು ಬೇಕು?

ನುಂಗಿದರೆ ಏನಾಗುತ್ತದೆ ಅಂದರೆ, ಬಾಯಲ್ಲಿ ಲೋಹದ ರುಚಿ, ಗಂಟಲು ಹೊಟ್ಟೆ ಉರಿ, ಸ್ವಲ್ಪ ಹೊತ್ತಿಗೇ ನೀಲಿ ಹಸಿರು ವಾಂತಿ. ಹಿಂದೆ ವಿಷ ಕುಡಿದವರಿಗೆ ವಾಂತಿ ಮಾಡಿಸಲು ವೈದ್ಯರೇ ಇದನ್ನು ಕೊಡುತ್ತಿದ್ದ ಕಾಲ ಇತ್ತು. ವಾಂತಿಯಾಗದೆ ಒಳಗುಳಿದರೆ ಅದೇ ವಿಷವಾಗುತ್ತದೆ ಅಂತ ಆಮೇಲೆ ಬಿಟ್ಟರು. ಮೋಸ ಇರುವುದು ಎರಡನೇ ದಿನ. ವಾಂತಿ ನಿಂತು ಆರಾಮಾದ ಹಾಗೆ ಕಾಣಬಹುದು. ಒಳಗೆ ತಾಮ್ರ ರಕ್ತದ ಕೆಂಪು ಕಣಗಳನ್ನು ಒಡೆಯುತ್ತಿರುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಕಿಡ್ನಿ ಕೈಕೊಡುತ್ತದೆ. ಅದಕ್ಕೇ ವಾಂತಿ ನಿಂತಿತು ಅಂತ ಮನೆಯಲ್ಲೇ ಉಳಿಯಬಾರದು. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಯಿ ತೊಳೆಸಿ, 108ಕ್ಕೆ ಫೋನ್ ಮಾಡಿ, ಚೀಲದ ಲೇಬಲ್ ಜೊತೆಗೆ ಒಯ್ಯಿರಿ. ಹೋಗಿದ್ದು ತಾಮ್ರ ಅಂತ ಗೊತ್ತಾದರೆ ಅದನ್ನು ಹಿಡಿದು ಹೊರಗೆ ತರುವ ಔಷಧಿಗಳು ಇವೆ.

ಹಲ್ಲುನೋವು, ಹುಣ್ಣು, ಕಜ್ಜಿಗೆ ಮೈಲುತುತ್ತ ಹಚ್ಚುವ ಮನೆಮದ್ದು ಇನ್ನೂ ಕೆಲವು ಕಡೆ ಉಳಿದಿದೆ. ದಯವಿಟ್ಟು ಬೇಡ. ಒಡೆದ ಚರ್ಮದ ಮೂಲಕವೂ ತಾಮ್ರ ರಕ್ತಕ್ಕೆ ಸೇರುತ್ತದೆ.

ಅಟ್ಟದ ಜಾಗ ಬದಲಾಯಿಸಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಮೇಲೆ ದೊಡ್ಡದಾಗಿ ‘ವಿಷ’ ಅಂತ ಬರೆದು ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡಿ. ಹಾರ್ಲಿಕ್ಸ್ ಬಾಟಲಿಗೋ ಉಪ್ಪಿನಕಾಯಿ ಭರಣಿಗೋ ತುಂಬಿಸಬೇಡಿ. ಖಾಲಿ ಚೀಲದಲ್ಲಿ ಹಿಂಡಿ, ಅಕ್ಕಿ ತುಂಬಿಸಬೇಡಿ. ಅದು ಬೆಂಕಿ ಹತ್ತುವ ವಸ್ತುವಲ್ಲ, ಸ್ಫೋಟಿಸುವುದಿಲ್ಲ, ಆ ಚಿಂತೆ ಬೇಡ.

ಬಾವಿ ಬಗ್ಗೆ ಸ್ವಲ್ಪ ಸಮಾಧಾನದ ಮಾತು. ತೋಟದ ಮೇಲೆ ಬಿದ್ದ ಬೋರ್ಡೋ ಮಣ್ಣಿನ ಮೂಲಕ ಇಳಿದು ಬಾವಿ ಸೇರುವುದು ಬಹಳ ಕಡಿಮೆ. ತಾಮ್ರವನ್ನು ಜೇಡಿ, ಕೊಳೆತ ದರಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬಾವಿ ಕೆಡುವುದು ಮೇಲಿನಿಂದ. ಬಾವಿಕಟ್ಟೆಯಲ್ಲಿ ಡ್ರಮ್ ತೊಳೆಯುವುದು, ಪಂಪಿನ ಪೈಪನ್ನು ಬಾವಿಗೇ ಬಿಟ್ಟು ಜಾಲಿಸುವುದು, ಗಟ್ಟಿ ದ್ರಾವಣ ಚೆಲ್ಲಿ ಮಳೆನೀರಿನ ಜೊತೆ ಹರಿದು ಬರುವುದು. ಲೆಕ್ಕ ನೋಡಿ: 10,000 ಲೀಟರ್ ನೀರಿರುವ ಬಾವಿಗೆ 100 ಗ್ರಾಂ ಹರಳು, ಅಂದರೆ ಒಂದು ಹಿಡಿ, ಬಿದ್ದರೆ ಲೀಟರಿಗೆ 2.5 ಮಿಲಿಗ್ರಾಂ ತಾಮ್ರ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಬೇರೆ ನೀರೇ ಇಲ್ಲದಿದ್ದರೂ ಒಪ್ಪಬಹುದಾದ ಗರಿಷ್ಠ 1.5.

ಮನುಷ್ಯರಿಗಿಂತ ಮೀನಿನ ಸ್ಥಿತಿ ಕಷ್ಟ. ಕೆರೆಯ ಪಾಚಿ ಕೊಲ್ಲಲು ಮೈಲುತುತ್ತ ಬಳಸುವ ವಿಧಾನವನ್ನು 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ್ದರು. ಪಾಚಿಯನ್ನು ಕೊಲ್ಲುವ ಪ್ರಮಾಣಕ್ಕೂ ಮೀನಿಗೆ ಕುತ್ತಾಗುವ ಪ್ರಮಾಣಕ್ಕೂ ಅಂತರ ಬಹಳ ಸಣ್ಣದು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಎಷ್ಟೋ ಜಾತಿಯ ಮೀನು, ಗೊದ್ದಮೊಟ್ಟೆ, ಬಸವನಹುಳು ಉಳಿಯುವುದಿಲ್ಲ. ಗಡಸು ನೀರಿನಲ್ಲಿ ಸುಣ್ಣದ ಅಂಶ ತಾಮ್ರದ ವಿಷವನ್ನು ತಗ್ಗಿಸುತ್ತದೆ. ಮಲೆನಾಡಿನ ಹಳ್ಳದ ನೀರು ಮೆದು, ಅಂಥ ರಕ್ಷಣೆ ಅಲ್ಲಿಲ್ಲ. ಬಯಲುಸೀಮೆಯ ಕೆರೆಯಲ್ಲಿ ಮೀನು ತಡೆದುಕೊಳ್ಳುವಷ್ಟು ತಾಮ್ರ ನಿಮ್ಮ ಹಳ್ಳದಲ್ಲಿ ಮೀನು ತೇಲಿಸಬಹುದು. ಆದ್ದರಿಂದ ಉಳಿದ ದ್ರಾವಣವನ್ನು ಬಸಿಗಾಲುವೆಗೆ ಚೆಲ್ಲಬೇಡಿ. ಬೋರ್ಡೋ ಉಳಿದರೆ ಇನ್ನೂ ನಾಲ್ಕು ಮರಕ್ಕೆ ಹೊಡೆಯಿರಿ, ಕಾಳುಮೆಣಸಿನ ಬಳ್ಳಿಗೂ ಶೇ 1ರ ಬೋರ್ಡೋ ಆಗುತ್ತದೆ. ಬರೀ ಮೈಲುತುತ್ತದ ನೀರು ಉಳಿದರೆ ಚಾಕು ಕೆಂಪಾಗದಷ್ಟು ಸುಣ್ಣ ಹಾಕಿ, ಕೆಸರು ಇಳಿದ ಮೇಲೆ ನೀರಿನಿಂದ ದೂರ ಒಂದು ಗುಂಡಿಯಲ್ಲಿ ಮುಚ್ಚಿ. ಔಷಧಿ ಹೊಡೆದ ಮರುದಿನವೇ ಅಲ್ಲಿನ ಹುಲ್ಲು ಕೊಯ್ದು, ಬಿದ್ದ ಹಾಳೆ ಕತ್ತರಿಸಿ ದನಕ್ಕೆ ಹಾಕಬೇಡಿ, ಎರಡು ಮೂರು ಜೋರು ಮಳೆ ಬೀಳಲಿ. ಕುರಿ ಇದ್ದರೆ ಆ ಮಳೆಗಾಲ ತೋಟದ ಒಳಗೆ ಬಿಡಲೇಬೇಡಿ. ತಾಮ್ರವನ್ನು ಹೊರಹಾಕುವುದರಲ್ಲಿ ಕುರಿಯ ಲಿವರ್ ಬಹಳ ದುರ್ಬಲ. ಹಸುವಿಗೆ ಏನೂ ಆಗದ ಪ್ರಮಾಣ ಕುರಿಯನ್ನು ಕೊಲ್ಲುತ್ತದೆ.

ಕೊನೆಗೆ ಸಾವಯವದ ವಾದ. ಸಾವಯವ ನಿಯಮಗಳು ತಾಮ್ರಕ್ಕೆ ಒಪ್ಪಿಗೆ ಕೊಟ್ಟಿರುವುದು ನಿಜ, ಆದರೆ ಷರತ್ತಿನ ಮೇಲೆ. ಅದು ವಿಷವಲ್ಲ ಅಂತ ಕೊಟ್ಟ ಸರ್ಟಿಫಿಕೇಟ್ ಅಲ್ಲ, ಬದಲಿ ಸಿಗದೆ ಕೊಟ್ಟ ವಿನಾಯಿತಿ. ಯುರೋಪಿನವರು 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕೆಜಿ ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ 4 ಕೆಜಿ, ಅದಕ್ಕಿಂತ ಜಾಸ್ತಿ ಬೇಡ ಅಂತ ಮಿತಿ ಹಾಕಿದ್ದಾರೆ. ನೂರು ವರ್ಷಕ್ಕೂ ಮೇಲೆ ಹೊಡೆದ ಅವರ ಹಳೇ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಕೆಜಿಗೆ ನೂರಾರು ಮಿಲಿಗ್ರಾಂ ತಾಮ್ರ ಕೂತಿದೆ. ಸಾಮಾನ್ಯ ಮಣ್ಣಿನಲ್ಲಿ ಅದು ಕೆಲವು ಹತ್ತು ಮಿಲಿಗ್ರಾಂ ಇರುತ್ತದೆ.

ನಿಮ್ಮ ತೋಟದ ಲೆಕ್ಕ ಹಾಕೋಣ. ಎಕರೆಗೆ ಒಂದು ಸಲಕ್ಕೆ 400 ಲೀಟರ್, ಎರಡು ಸಲಕ್ಕೆ 800 ಲೀಟರ್. 8 ಕೆಜಿ ಮೈಲುತುತ್ತ, ಅದರಲ್ಲಿ 2 ಕೆಜಿ ತಾಮ್ರ. ಹೆಕ್ಟೇರಿಗೆ 5 ಕೆಜಿ ಆಯಿತು. ಯುರೋಪಿನ ಸರಾಸರಿ ಮಿತಿಯನ್ನು ನೀವು ಈಗಾಗಲೇ ದಾಟಿದ್ದೀರಿ. ಮಳೆ ಬಿಡದೆ ಮೂರನೇ ಸಲ ಹೊಡೆಸಿದ ವರ್ಷ ಏಳೂವರೆ ಕೆಜಿ. ಮೇಲಿನ ಅರ್ಧ ಅಡಿ ಮಣ್ಣು ಹೆಕ್ಟೇರಿಗೆ ಸುಮಾರು 2,000 ಟನ್ ತೂಗುತ್ತದೆ. 5 ಕೆಜಿ ತಾಮ್ರ ಅದರಲ್ಲೇ ಉಳಿದರೆ ವರ್ಷಕ್ಕೆ ಕೆಜಿ ಮಣ್ಣಿಗೆ 2.5 ಮಿಲಿಗ್ರಾಂ ಸೇರುತ್ತದೆ, ನಲವತ್ತು ವರ್ಷಕ್ಕೆ 100 ಮಿಲಿಗ್ರಾಂ. ಅಡಿಕೆ ಮರಕ್ಕೆ ನಾಳೆಯೇ ಏನೂ ಆಗುವುದಿಲ್ಲ. ಮೊದಲು ಪೆಟ್ಟು ತಿನ್ನುವುದು ಎರೆಹುಳು, ಮಣ್ಣಿನ ಸೂಕ್ಷ್ಮಜೀವಿಗಳು, ಎಳೆ ಸಸಿಯ ಬೇರು. ನಿಮ್ಮ ಮಣ್ಣು ಹುಳಿ ಮಣ್ಣಾದ್ದರಿಂದ ತಾಮ್ರ ಅಲ್ಲಿ ಇನ್ನೂ ಚುರುಕು.

ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ತಾಮ್ರವೂ ಒಂದು. ಅದರಲ್ಲಿ ‘ಸಾಕಷ್ಟಿದೆ’ ಅಂತ ಬಂದರೆ ಖುಷಿಪಟ್ಟು ಮಡಚಿ ಇಡಬೇಡಿ. ಆ ಪರೀಕ್ಷೆ ಕೊರತೆ ಹಿಡಿಯಲು ಮಾಡಿದ್ದು. ಕೆಜಿಗೆ 0.2 ಮಿಲಿಗ್ರಾಂ ದಾಟಿದರೆ ಸಾಕು ಅನ್ನುತ್ತದೆ, 20 ಇದ್ದರೂ ಅದೇ ಸಾಕು ಅನ್ನುತ್ತದೆ. ಅಂಕಿ ನೋಡಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಅದೇ ಜಾಗದ ಮಣ್ಣು ಕೊಟ್ಟು ಅಂಕಿ ಏರುತ್ತಿದೆಯಾ ಗಮನಿಸಿ. ಏರುತ್ತಿದ್ದರೆ ತೋಟಕ್ಕೆ ಸುಣ್ಣ, ಕೊಟ್ಟಿಗೆ ಗೊಬ್ಬರ ಜಾಸ್ತಿ ಮಾಡಿ, ಎರಡೂ ತಾಮ್ರವನ್ನು ಕಟ್ಟಿಹಾಕುತ್ತವೆ.

ಬಳಕೆ ಕಡಿಮೆ ಮಾಡಲು ನಿಮ್ಮ ಕೈಯಲ್ಲೇ ಇರುವ ದಾರಿಗಳಿವೆ. ಶೇ 1ಕ್ಕಿಂತ ಗಟ್ಟಿ ಮಾಡಿದರೆ ಒಳ್ಳೇದು ಅನ್ನುವ ನಂಬಿಕೆ ಬಿಡಿ, ಅದರಿಂದ ಹೆಚ್ಚು ಬೀಳುವುದು ಮಣ್ಣಿಗೆ. ಅಡಿಕೆ ಕೊನೆಗಷ್ಟೇ ಹೊಡೆಯಿರಿ, ಇಡೀ ಮರ ತೋಯಿಸಬೇಡಿ. ಕೊಳೆ ಬಂದು ಉದುರಿದ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿಸಿ, ಬೀಜಕಣ ಹುಟ್ಟುವುದೇ ಅಲ್ಲಿ. ಬಸಿಗಾಲುವೆ ಮಳೆಗೆ ಮುಂಚೆ ಸ್ವಚ್ಛ ಮಾಡಿಸಿ. ಪ್ರತಿ ವರ್ಷ ಮೊದಲು ಕೊಳೆ ಕಾಣುವ ತಗ್ಗಿನ ಸಾಲು ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ. ಕೂಲಿಗೆ ಜನ ಸಿಕ್ಕಿದರೆ ಅಷ್ಟು ಮರಕ್ಕಾದರೂ ಈ ವರ್ಷ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿ ನೋಡಿ. ಮಳೆ ಹಿಡಿಯುವ ಮುಂಚೆಯೇ ಕಟ್ಟಬೇಕು. ಆ ಮರಗಳಿಗೆ ಎರಡನೇ ಸಲದ ಬೋರ್ಡೋ ಬೇಕಾಗುವುದಿಲ್ಲ.